ಕಾರಣ ಬರೆಯದ ಆದೇಶ ಯಂತ್ರದ್ದಾದರೂ ಒಪ್ಪಬೇಡಿ

ಸರ್ಕಾರಗಳು ಕೃತಕ ಬುದ್ಧಿಮತ್ತೆಯನ್ನು (ಎಐ) ಹೇಗೆ ಬಳಸಬೇಕು, ಅದಕ್ಕೆ ಏನೇನು ಕಟ್ಟುಪಾಡು ಇರಬೇಕು ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಧಾರಾಳವಾಗಿ ಬಂದಿವೆ. ನಾನು ಸೇವೆಯುದ್ದಕ್ಕೂ ಲೆಕ್ಕಪರಿಶೋಧನೆ ಮಾಡಿದವಳು. ಯಂತ್ರದೊಳಗಿನ ಗಣಿತ ಬಲ್ಲವರು ಬೇರೆ ಇದ್ದಾರೆ. ಅದರ ತೀರ್ಮಾನ ಕಡತಕ್ಕೆ ಬಂದು ಕೂತ ಮೇಲೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತು. ಹಾಗಾಗಿ ಉತ್ತರಗಳೂ ಆ ಕಡೆಯಿಂದಲೇ ಬಂದಿವೆ.

ಪ್ರಶ್ನೆ: ಮೇಡಂ, ಎಐಗೆ ಕಾನೂನು ಮಾಡುವುದು ಅಂದರೆ ಏನು? ಸಾಫ್ಟ್‌ವೇರ್ ತಪ್ಪು ಮಾಡಿದರೆ ಯಾರನ್ನು ಹಿಡಿಯುತ್ತಾರೆ? – ಪದವಿ ವಿದ್ಯಾರ್ಥಿ

ಉತ್ತರ: ಅದನ್ನು ಮಾಡಿ ಮಾರಿದವರನ್ನು ಮತ್ತು ತಂದು ಬಳಸಿದವರನ್ನು. ಇದು ಇಷ್ಟು ನೇರ ಅನ್ನಿಸಿದರೂ ನ್ಯಾಯಾಲಯದ ಬಾಯಲ್ಲಿ ಹೇಳಿಸಬೇಕಾದ ಮಾತಾಗಿದೆ. ಕೆನಡಾದಲ್ಲಿ ಒಬ್ಬರು ಅಜ್ಜಿ ತೀರಿಕೊಂಡರೆಂದು ವಿಮಾನದ ಟಿಕೆಟ್ ತೆಗೆಸುವಾಗ ಏರ್ ಕೆನಡಾ ಕಂಪನಿಯ ಚಾಟ್‌ಬಾಟ್ ಹತ್ತಿರ ವಿಚಾರಿಸಿದರು. ಸಾವಿನ ಸಂದರ್ಭದ ರಿಯಾಯಿತಿಗೆ ಪ್ರಯಾಣ ಮುಗಿದ ಮೇಲೂ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ದುಡ್ಡು ಕೇಳಿದಾಗ ಕಂಪನಿ ಮುಂದಿಟ್ಟ ವಾದಗಳಲ್ಲಿ ಒಂದು, ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಜವಾಬ್ದಾರನಲ್ಲ ಎಂಬುದು. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಿವಿಲ್ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು. ಆದರೆ ನಿನ್ನ ಜಾಲತಾಣದಲ್ಲಿ ಇರುವುದಕ್ಕೆಲ್ಲ ನೀನೇ ಹೊಣೆ ಎಂಬ ತೀರ್ಪು ದೊಡ್ಡದು.

ಇನ್ನು ಕಾನೂನು. ಇವತ್ತಿಗೆ ಬಹಳ ವಿಸ್ತಾರವಾಗಿ ಬರೆದಿರುವುದು ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ. 2021ರ ಏಪ್ರಿಲ್‌ನಲ್ಲಿ ಕರಡು ಬಂತು, 2024ರ ಆಗಸ್ಟ್ 1ರಂದು ಕಾಯ್ದೆ ಜಾರಿಗೆ ಬಂತು. ಅದರ ದಾರಿ ಹೀಗಿದೆ: ತಂತ್ರಜ್ಞಾನ ಯಾವುದು ಎಂದು ಕೇಳುವುದಕ್ಕಿಂತ, ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಕೇಳುತ್ತದೆ. ನಾಗರಿಕರ ನಡವಳಿಕೆಗೆ ಅಂಕ ಕೊಟ್ಟು ಸವಲತ್ತು ಕಿತ್ತುಕೊಳ್ಳುವುದು, ಇಂಟರ್ನೆಟ್‌ನಲ್ಲಿ ಸಿಕ್ಕ ಮುಖಗಳನ್ನೆಲ್ಲ ಬಾಚಿ ಗುರುತಿನ ಭಂಡಾರ ಕಟ್ಟುವುದು, ಇಂಥವು ಪೂರ್ತಿ ನಿಷಿದ್ಧ; ಈ ಭಾಗ 2025ರ ಫೆಬ್ರವರಿ 2ರಿಂದ ಅನ್ವಯವಾಗಿದೆ. ಕೆಲಸಕ್ಕೆ ಸೇರಿಸಿಕೊಳ್ಳುವುದು, ಪರೀಕ್ಷೆಯ ಮೌಲ್ಯಮಾಪನ, ಸಾಲ, ಸರ್ಕಾರಿ ಸವಲತ್ತು, ಪೊಲೀಸ್ ತನಿಖೆ, ವಲಸೆ, ನ್ಯಾಯಾಲಯ – ಇವಕ್ಕೆ ಬಳಸಿದರೆ ಹೆಚ್ಚು ಅಪಾಯದ ವರ್ಗ. ಅಲ್ಲಿ ದಾಖಲೆ ಇಡಬೇಕು, ದತ್ತಾಂಶ ಪರೀಕ್ಷಿಸಬೇಕು, ಮನುಷ್ಯರ ಮೇಲ್ವಿಚಾರಣೆ ಇರಬೇಕು. ನಿಷಿದ್ಧ ಕೆಲಸ ಮಾಡಿ ಸಿಕ್ಕಿಬಿದ್ದ ಕಂಪನಿಗೆ 3.5 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ 7 ಶೇಕಡಾ, ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ ಹಾಕಬಹುದು.

ಕಾಯ್ದೆಯನ್ನು ಮೆಚ್ಚುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಸಾರ್ವಜನಿಕ ಜಾಗದಲ್ಲಿ ಪೊಲೀಸರು ಕ್ಯಾಮೆರಾ ಮೂಲಕ ಆಗಿಂದಾಗಲೇ ಮುಖ ಗುರುತಿಸುವುದನ್ನು ನಿಷೇಧಿಸಿ, ಅದರ ಹಿಂದೆಯೇ ವಿನಾಯಿತಿಗಳನ್ನೂ ಬರೆದಿದೆ. ಹೆಚ್ಚು ಅಪಾಯದ ವರ್ಗದ ಕಟ್ಟುಪಾಡುಗಳನ್ನು ಮುಂದೂಡುವ ಪ್ರಸ್ತಾವವನ್ನು 2025ರ ನವೆಂಬರಿನಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗವೇ ಮುಂದಿಟ್ಟಿತು. ಜನರಿಗೆ ನಿಜಕ್ಕೂ ತಟ್ಟುವ ಭಾಗವೇ ಅದು. ಹಾಗಾಗಿ ನನಗೆ ಬೇಸರವಿದೆ.

ಪ್ರಶ್ನೆ: ನಾನು ಹಾಕಿದ ಸಹಾಯಧನದ ಅರ್ಜಿ ತಿರಸ್ಕಾರವಾಯಿತು. ಯಾಕೆ ಎಂದು ಕೇಳಿದರೆ ‘ಸಿಸ್ಟಮ್ ರಿಜೆಕ್ಟ್ ಮಾಡಿದೆ, ನಮ್ಮ ಕೈಯಲ್ಲಿಲ್ಲ’ ಅನ್ನುತ್ತಾರೆ. ನಾನು ಯಾರನ್ನು ಕೇಳಲಿ? – ಗೃಹಿಣಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥದೇ ಕಾಗದ ಇನ್ನೂ ಬಂದಿವೆ, ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನೀವು ಮಾಡಬೇಕಾದ ಕೆಲಸ. ಬಾಯಿ ಮಾತಿಗೆ ವಾಪಸ್ ಬರಬೇಡಿ. ಲಿಖಿತವಾಗಿ ಕೇಳಿ: ಅರ್ಜಿ ತಿರಸ್ಕರಿಸಿದ ಕಾರಣವೇನು, ಯಾವ ನಿಯಮದಡಿ, ಯಾವ ಮಾಹಿತಿಯನ್ನು ಆಧರಿಸಿ, ಆ ಮಾಹಿತಿ ಎಲ್ಲಿಂದ ಬಂತು, ತೀರ್ಮಾನಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆ ಯಾವುದು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ. ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತದಲ್ಲಿ ಇದಕ್ಕೆ ಎಐ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎಂದೇ ಹೇಳುತ್ತದೆ. ತೀರ್ಮಾನ ಮಾಡಿದ್ದು ಮನುಷ್ಯನಾದರೆ ಮಾತ್ರ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಯುರೋಪಿನಲ್ಲಿ ಇರುವವರಿಗೆ ಇನ್ನೂ ನೇರವಾದ ದಾರಿಯಿದೆ: 2018ರ ಮೇ ತಿಂಗಳಿಂದ ಅನ್ವಯವಾಗುತ್ತಿರುವ ದತ್ತಾಂಶ ಸಂರಕ್ಷಣಾ ನಿಯಮದ 22ನೇ ವಿಧಿ. ಬದುಕಿನ ಮೇಲೆ ಗಂಭೀರ ಪರಿಣಾಮ ಬೀರುವ ತೀರ್ಮಾನವನ್ನು ಬರೀ ಯಂತ್ರಕ್ಕೆ ಬಿಡದಂತೆ ಅದು ತಡೆಯುತ್ತದೆ. ವಿನಾಯಿತಿ ಇರುವ ಕಡೆಯೂ ಮನುಷ್ಯನೊಬ್ಬ ಮಧ್ಯೆ ಬರಬೇಕೆಂದು ಕೇಳಲು ಸಾಮಾನ್ಯವಾಗಿ ಅವಕಾಶವಿದೆ.

ಈಗ, ‘ನಮ್ಮ ಕೈಯಲ್ಲಿಲ್ಲ’ ಎಂಬ ಮಾತು ಎಷ್ಟು ದೂರ ಹೋಗಬಲ್ಲದು ಎಂದು ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಜನ ‘ರೋಬೋಡೆಟ್’ ಎಂದು ಕರೆದ ಯೋಜನೆಯೊಂದಿತ್ತು. ಸವಲತ್ತು ಹೆಚ್ಚಾಗಿ ಪಡೆದವರಿಂದ ವಸೂಲಿ ಮಾಡುವ ಯೋಜನೆ. ಅದರ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡೋಣ. ಒಬ್ಬ ಯುವತಿ ವರ್ಷದ ಮೊದಲ ಆರು ತಿಂಗಳು ದುಡಿದಳು ಎನ್ನಿ. ಎರಡು ವಾರಕ್ಕೆ 2,000 ಡಾಲರ್, ಒಟ್ಟು 26,000. ಆಮೇಲೆ ಕೆಲಸ ಹೋಯಿತು. ಉಳಿದ ಆರು ತಿಂಗಳು ನಿರುದ್ಯೋಗ ಭತ್ಯೆ ಪಡೆದಳು, ಪ್ರತಿ ಎರಡು ವಾರಕ್ಕೊಮ್ಮೆ ‘ಆದಾಯ ಸೊನ್ನೆ’ ಎಂದು ಬರೆದುಕೊಟ್ಟಳು. ಬರೆದದ್ದು ಸತ್ಯ. ಆದರೆ ತೆರಿಗೆ ಇಲಾಖೆಯ ಹತ್ತಿರ ಇದ್ದದ್ದು ವರ್ಷದ ಒಟ್ಟು ಮೊತ್ತ. ಕಂಪ್ಯೂಟರ್ ಆ 26,000ವನ್ನು ವರ್ಷದ 26 ಅವಧಿಗಳಿಗೆ ಸಮನಾಗಿ ಹಂಚಿತು. ಅವಧಿಗೆ 1,000 ಆಯಿತು. ಈಗ ಅವಳು ಕೆಲಸವಿಲ್ಲದೆ ಕೂತಿದ್ದ ಪ್ರತಿ ಅವಧಿಯಲ್ಲೂ 1,000 ಡಾಲರ್ ಗಳಿಸಿ ಮುಚ್ಚಿಟ್ಟ ಹಾಗೆ ಕಾಣುತ್ತದೆ! ಹೊರಟಿತು ನೋಟಿಸ್. ಸುಳ್ಳು ಎಂದು ಸಾಬೀತುಪಡಿಸುವ ಹೊರೆ ಅವಳ ಮೇಲೆ, ಎಷ್ಟೋ ವರ್ಷದ ಹಿಂದಿನ ಸಂಬಳದ ಚೀಟಿ ಹುಡುಕಿ ತರಬೇಕು.

ಇದರಲ್ಲಿ ಎಐ ಎಲ್ಲಿದೆ? ಇಲ್ಲವೇ ಇಲ್ಲ. ಬರೀ ಭಾಗಾಕಾರ. ಅಷ್ಟರಿಂದಲೇ ಲಕ್ಷಾಂತರ ಮನೆಗಳಿಗೆ ತಪ್ಪು ಸಾಲದ ನೋಟಿಸ್ ಹೋಯಿತು. 2020ರ ಮೇ ತಿಂಗಳಲ್ಲಿ ಸರ್ಕಾರ ಸುಮಾರು 4.7 ಲಕ್ಷ ಸಾಲಗಳಿಗೆ ಸಂಬಂಧಿಸಿದ 72.1 ಕೋಟಿ ಡಾಲರ್ ಮರಳಿಸುವುದಾಗಿ ಪ್ರಕಟಿಸಿತು. ಇದರ ವಿಚಾರಣೆಗೆ ಸರ್ಕಾರ ನೇಮಿಸಿದ ಕ್ಯಾಥರೀನ್ ಹೋಮ್ಸ್ ಅವರ ಆಯೋಗ (ರಾಯಲ್ ಕಮಿಷನ್) 2023ರ ಜುಲೈನಲ್ಲಿ ವರದಿ ಕೊಟ್ಟು, ಇದು ಒರಟು, ಕ್ರೂರ, ನ್ಯಾಯಯುತವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದಿತು. ನೋಟಿಸ್ ಬಂದ ಮೇಲೆ ಜೀವ ಕಳೆದುಕೊಂಡ ಯುವಕರ ತಾಯಂದಿರು ಆ ಆಯೋಗದ ಮುಂದೆ ಬಂದು ಸಾಕ್ಷಿ ಹೇಳಿದ್ದಾರೆ. ಎಐ ಎಂದರೆ ಯಾವುದು, ಯಾವುದಲ್ಲ ಎಂದು ವ್ಯಾಖ್ಯೆ ಬರೆಯುತ್ತಾ ಕೂರುವವರಿಗೆ ನಾನು ಇದನ್ನೇ ತೋರಿಸುವುದು. ಕಟ್ಟುಪಾಡು ಬೇಕಿರುವುದು ತೀರ್ಮಾನಕ್ಕೆ. ಅದರ ಹಿಂದೆ ಇರುವುದು ಈಗಿನ ಚಾಟ್‌ಬಾಟ್‌ಗಳನ್ನು ನಡೆಸುವಂಥ ದೊಡ್ಡ ಭಾಷಾ ಮಾದರಿಯೋ, ಸಣ್ಣ ಎಕ್ಸೆಲ್ ಹಾಳೆಯೋ, ಜನರಿಗೆ ಬೀಳುವ ಪೆಟ್ಟು ಒಂದೇ.

ನೆದರ್ಲೆಂಡ್ಸ್‌ನಲ್ಲಿ ಆದದ್ದರಲ್ಲಿ ಮಾತ್ರ ದತ್ತಾಂಶದಿಂದ ತಾನೇ ಕಲಿಯುವ ಯಂತ್ರವೂ ಇತ್ತು. ಮಕ್ಕಳ ಪಾಲನೆಯ ಸಹಾಯಧನ ಪಡೆಯುತ್ತಿದ್ದ ತಂದೆ–ತಾಯಂದಿರಲ್ಲಿ ಯಾರು ಮೋಸ ಮಾಡಬಹುದು ಎಂದು ಅಂಕ ಕೊಡುವ ಮಾದರಿಯನ್ನು ತೆರಿಗೆ ಇಲಾಖೆ ಇಟ್ಟುಕೊಂಡಿತ್ತು. ಡಚ್ ಪೌರತ್ವ ಇದೆಯೋ ಇಲ್ಲವೋ ಎಂಬುದೂ ಅದರಲ್ಲೊಂದು ಅಂಶ. ಎಲ್ಲೋ ಒಂದು ಸಹಿ ಹಾಕಲು ಮರೆತವರನ್ನೂ ಮೋಸಗಾರರೆಂದು ಹೆಸರಿಟ್ಟು ವರ್ಷಗಳ ಸಹಾಯಧನವನ್ನು ಒಟ್ಟಿಗೆ ಕೇಳಿದರು. ಹತ್ತಾರು ಸಾವಿರ ಕುಟುಂಬಗಳು ಸಾಲದಲ್ಲಿ ಮುಳುಗಿದವು, ಮನೆಗಳು ಮುರಿದವು. 2021ರ ಜನವರಿಯಲ್ಲಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟವೇ ರಾಜೀನಾಮೆ ಕೊಟ್ಟಿತು. ಅದೇ ವರ್ಷದ ಕೊನೆಗೆ ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕಿತು. ಸರ್ಕಾರಿ ಸಂಸ್ಥೆಯೊಂದು ಸರ್ಕಾರಿ ಇಲಾಖೆಗೇ ದಂಡ ಹಾಕುವಷ್ಟು ಸ್ವತಂತ್ರವಾಗಿರಬೇಕು. ಎಲ್ಲ ದೇಶಗಳಿಗೂ ಬೇಕಾದ ವ್ಯವಸ್ಥೆ ಅದು.

ಹಾಗಾಗಿ ತಾಯಿ, ನೀವು ಕಾರಣ ಕೇಳುವುದು ಜಗಳವಲ್ಲ. ಆ ಕಾಗದ ಕಡತದಲ್ಲಿ ಸೇರಿದ ಮೇಲೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ. ಬರೆಯಲು ಕೂತಾಗಲೇ ಅವರಿಗೂ ತಪ್ಪು ಕಾಣುವುದು.

ಪ್ರಶ್ನೆ: ನಾನು ಸೇವೆಯಲ್ಲಿರುವ ಅಧಿಕಾರಿ. ನಮ್ಮಲ್ಲಿ ತಂತ್ರಾಂಶ ಬರೀ ಸಲಹೆ ಕೊಡುತ್ತದೆ, ಅಂತಿಮ ಸಹಿ ನಮ್ಮದೇ. ಮನುಷ್ಯ ಸಹಿ ಹಾಕುವಾಗ ನಿಮ್ಮ ಆತಂಕಕ್ಕೆ ಅರ್ಥವಿದೆಯೇ? – ಹೆಸರು ಬೇಡವೆಂದವರು

ಉತ್ತರ: ಇದೆ ಸರ್. ನೀವು ಸಹಿ ಹಾಕುವ ಮುನ್ನ ಏನು ಓದುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ.

ಪರಿಶೋಧನೆಗೆ ಹೋಗಿದ್ದ ಒಂದು ಕಚೇರಿಯ ದಾಖಲೆ ಈಗಲೂ ಕಣ್ಣ ಮುಂದಿದೆ. ತಂತ್ರಾಂಶ ಕೆಲವು ಅರ್ಜಿಗಳಿಗೆ ಕೆಂಪು ಗುರುತು ಹಾಕಿ ‘ಸಂಶಯಾಸ್ಪದ’ ಎಂದು ತೋರಿಸುತ್ತಿತ್ತು. ಅಧಿಕಾರಿ ಅದನ್ನು ನೋಡಿ ಒಪ್ಪಬೇಕು ಇಲ್ಲವೇ ಬದಲಿಸಬೇಕು. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿಯೇ ಇತ್ತು. ಯಾರು ಯಾವಾಗ ಏನು ಮಾಡಿದರು ಎಂದು ತಂತ್ರಾಂಶವೇ ಬರೆದಿಡುವ ಲಾಗ್ ಅನ್ನು ನಾನು ಕೇಳಿ ತರಿಸಿದೆ. ಒಂದು ಅರ್ಜಿಯ ಒಪ್ಪಿಗೆಗೂ ಮುಂದಿನ ಅರ್ಜಿಯ ಒಪ್ಪಿಗೆಗೂ ಕೆಲವೇ ಸೆಕೆಂಡುಗಳ ಅಂತರ. ಪ್ರತಿ ಅರ್ಜಿಗೂ ಲಗತ್ತುಗಳಿದ್ದವು. ಅವನ್ನು ತೆರೆದದ್ದಕ್ಕೆ ಗುರುತೇ ಇಲ್ಲ. ಷರಾ ಕಾಲಂನಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ವಾಕ್ಯ: ‘ಪರಿಶೀಲಿಸಲಾಗಿದೆ’. ಕೆಂಪು ಗುರುತನ್ನು ಬದಲಿಸಿದ ಒಂದು ಪ್ರಕರಣವೂ ಸಿಗಲಿಲ್ಲ. ಆ ಅಧಿಕಾರಿ ಕೆಟ್ಟವರಲ್ಲ. ಅವರ ಮೇಲೆ ಗುರಿ ಇತ್ತು, ಸಂಜೆಯೊಳಗೆ ಪಟ್ಟಿ ಮುಗಿಯಬೇಕಿತ್ತು. ಯಂತ್ರ ಹೇಳಿದ್ದನ್ನು ಬದಲಿಸಿದರೆ ಕಾರಣ ಬರೆಯಬೇಕು, ಒಪ್ಪಿದರೆ ಕಾರಣ ಬೇಕಿಲ್ಲ. ಹಾಗಿರುವಾಗ ಯಾರು ತಾನೇ ಬದಲಿಸುತ್ತಾರೆ? ಒಪ್ಪುವಾಗಲೂ ಕಾರಣ ಬರೆಯಬೇಕು ಎಂದು ನನ್ನ ವರದಿಯಲ್ಲಿ ಶಿಫಾರಸು ಮಾಡಿದೆ.

ಯುರೋಪಿನ ಎಐ ಕಾಯ್ದೆಯ 14ನೇ ವಿಧಿ ಇದನ್ನು ಗಮನಿಸಿದೆ. ಯಂತ್ರದ ಮಾತಿಗೆ ತಾನಾಗಿಯೇ ತಲೆದೂಗುವ ಪ್ರವೃತ್ತಿ ಮನುಷ್ಯನಿಗಿದೆ, ಮೇಲ್ವಿಚಾರಣೆ ಮಾಡುವವರಿಗೆ ಆ ಅರಿವು ಇರಬೇಕು, ಯಂತ್ರ ಹೇಳಿದ್ದನ್ನು ಕೈಬಿಡುವ, ಬದಲಿಸುವ ಅಧಿಕಾರ ಇರಬೇಕು ಎನ್ನುತ್ತದೆ.

ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಜರ್ಮನಿಯಲ್ಲಿ ಶುಫಾ ಎಂಬ ಸಂಸ್ಥೆ ಜನರ ಸಾಲ ತೀರಿಸುವ ಸಾಧ್ಯತೆಗೆ ಅಂಕ ಕೊಡುತ್ತದೆ. ಸಾಲ ಕೊಡುವುದು ಬಿಡುವುದು ಬ್ಯಾಂಕಿಗೆ ಬಿಟ್ಟದ್ದು, ನಾವು ಬರೀ ಅಂಕ ಕೊಡುವವರು ಎಂಬುದು ಅದರ ವಾದ. ನಿಮ್ಮ ‘ಬರೀ ಸಲಹೆ’ ಎಂಬ ಮಾತಿಗೆ ಹತ್ತಿರದ್ದು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್ 7ರಂದು ಒಪ್ಪಲಿಲ್ಲ. ಬ್ಯಾಂಕು ಮುಖ್ಯವಾಗಿ ಆ ಅಂಕವನ್ನೇ ನೆಚ್ಚಿಕೊಂಡು ತೀರ್ಮಾನಿಸುವುದಾದರೆ, ಅಂಕ ಕೊಟ್ಟದ್ದೇ ಯಂತ್ರದ ತೀರ್ಮಾನ ಎಂದು ಹೇಳಿತು.

ಒಂದು ವಿನಂತಿ. ನಿಮ್ಮ ಕಚೇರಿಯಲ್ಲಿ ಕಳೆದ ತಿಂಗಳು ತಂತ್ರಾಂಶದ ಸಲಹೆಯನ್ನು ಎಷ್ಟು ಸಲ ಬದಲಿಸಿದ್ದೀರಿ ಎಂದು ತೆಗೆಸಿ ನೋಡಿ. ಸೊನ್ನೆ ಬಂದರೆ ಅಂತಿಮ ಸಹಿ ನಿಮ್ಮದಲ್ಲ.

ಪ್ರಶ್ನೆ: ನಮ್ಮದು ಚಿಕ್ಕ ಎಐ ಕಂಪನಿ. ನಿಮ್ಮಂಥವರು ಹೇಳುವ ದಾಖಲೆ, ಆಡಿಟ್ ಎಲ್ಲ ಮಾಡುತ್ತಾ ಕೂತರೆ ಉತ್ಪನ್ನ ಮಾಡುವುದು ಯಾವಾಗ? ದೊಡ್ಡ ಕಂಪನಿಗಳಿಗೆ ವಕೀಲರ ಪಡೆಯೇ ಇದೆ. ನಿಯಂತ್ರಣದಿಂದ ಸಾಯುವುದು ನಾವು. – ಎಂಜಿನಿಯರ್

ಉತ್ತರ: ನಿಮ್ಮ ದೂರಿನಲ್ಲಿ ಹುರುಳಿದೆ. ಒಂದೇ ಅಳತೆಯ ನಮೂನೆಯನ್ನು ಎಲ್ಲರಿಗೂ ಕೊಟ್ಟರೆ ಅದನ್ನು ತುಂಬುವ ಶಕ್ತಿ ಇರುವುದು ದೊಡ್ಡವರಿಗೇ. ಅದಕ್ಕೇ ಯುರೋಪಿನ ಕಾಯ್ದೆಯಲ್ಲಿ, ನಿಯಂತ್ರಕರ ಕಣ್ಣೆದುರೇ ಹೊಸದನ್ನು ಪ್ರಯೋಗಿಸಿ ನೋಡುವ ವ್ಯವಸ್ಥೆಯನ್ನು ಸದಸ್ಯ ರಾಷ್ಟ್ರಗಳು ಮಾಡಬೇಕೆಂದಿದೆ, ಸಣ್ಣ ಕಂಪನಿಗಳಿಗೆ ಅಲ್ಲಿ ಆದ್ಯತೆ. ಇನ್ನು, ಹಾಡಿಗೆ ರಾಗ ಸೂಚಿಸುವ ಆ್ಯಪ್ ಮಾಡುವವರಿಗೆ ಇಷ್ಟೊಂದು ಕಟ್ಟುಪಾಡು ಯಾವ ಕಾನೂನಿನಲ್ಲೂ ಇಲ್ಲ, ಇರಲೂಬಾರದು.

ಆದರೆ ನೀವು ಮಾಡುತ್ತಿರುವುದು ಉದ್ಯೋಗಕ್ಕೆ ಅರ್ಜಿ ಸೋಸುವ ತಂತ್ರಾಂಶ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಲ್ಲಿ ನಾನು ರಾಜಿಯಾಗಲಾರೆ. ಯಾರಿಗೆ ಕೆಲಸ ಸಿಗಬೇಕು ಎಂದು ಸೋಸುವ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂಬುದನ್ನು ಸೋಸಿಹೋದವರು ತಿಳಿಯಬೇಕು. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಮಾರುಕಟ್ಟೆಯಲ್ಲಿದ್ದ ಮುಖ ವಿಶ್ಲೇಷಣೆಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ಹೆಣ್ಣೋ ಗಂಡೋ ಎಂದು ಗುರುತಿಸುವಲ್ಲಿ ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ 0.8 ಶೇಕಡಾ, ಕಪ್ಪು ಬಣ್ಣದ ಹೆಂಗಸರಲ್ಲಿ 34.7 ಶೇಕಡಾದವರೆಗೆ. ಒಟ್ಟು ಸರಾಸರಿ ಮಾತ್ರ ನೋಡಿದ್ದರೆ ಆ ಹೆಂಗಸರು ಲೆಕ್ಕದಲ್ಲೇ ಕಾಣುತ್ತಿರಲಿಲ್ಲ. ಗುಂಪು ಗುಂಪಾಗಿ ಬಿಡಿಸಿ ಅಳೆದದ್ದರಿಂದ ಕಂಡರು. ನೀವು ಮಾಡಬೇಕಾದ ಆಡಿಟ್ ಎಂದರೆ ಮುಖ್ಯವಾಗಿ ಇಷ್ಟೇ, ಮತ್ತು ಇದಕ್ಕೆ ವಕೀಲರ ಪಡೆ ಬೇಡ.

ಹಲ್ಲಿಲ್ಲದ ಕಾನೂನು ನಿಮ್ಮಂಥ ಪ್ರಾಮಾಣಿಕರಿಗೇ ನಷ್ಟ. ನ್ಯೂಯಾರ್ಕ್ ನಗರ ತನ್ನ 144ನೇ ಸ್ಥಳೀಯ ಕಾನೂನಿನಲ್ಲಿ, ನೇಮಕಾತಿಗೆ ಇಂಥ ಸಾಧನ ಬಳಸುವವರು ಪ್ರತಿ ವರ್ಷ ಪಕ್ಷಪಾತದ ಆಡಿಟ್ ಮಾಡಿಸಿ ಪ್ರಕಟಿಸಬೇಕೆಂದಿತು. 2023ರ ಜುಲೈನಿಂದ ಜಾರಿ. ಸಂಶೋಧಕರು ಆಮೇಲೆ 391 ಉದ್ಯೋಗದಾತರ ಜಾಲತಾಣಗಳನ್ನು ಜಾಲಾಡಿದರೆ ಆಡಿಟ್ ವರದಿ ಸಿಕ್ಕಿದ್ದು 18ರಲ್ಲಿ. ತಮ್ಮ ಸಾಧನ ಈ ಕಾನೂನಿನ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಬಹುಮಟ್ಟಿಗೆ ಉದ್ಯೋಗದಾತರಿಗೇ ಬಿಟ್ಟಿತ್ತು. ಆಡಿಟ್ ಮಾಡಿಸಿದವರಿಗೆ ಖರ್ಚು, ಮಾಡಿಸದವರಿಗೆ ಏನೂ ಇಲ್ಲ.

ಸರ್ಕಾರ ಬದಲಾದಾಗ ನಿಯಮವೂ ಬದಲಾಗುವುದು ಇನ್ನೊಂದು ತೊಂದರೆ. ಅಮೆರಿಕದ ಅಧ್ಯಕ್ಷ ಬೈಡನ್ 2023ರ ಅಕ್ಟೋಬರ್ 30ರಂದು ಎಐ ಸುರಕ್ಷತೆಯ ಕಾರ್ಯಕಾರಿ ಆದೇಶ ಹೊರಡಿಸಿದರು. 2025ರ ಜನವರಿ 20ರಂದು ಟ್ರಂಪ್ ಅಧಿಕಾರ ವಹಿಸಿದ ದಿನವೇ ಅದು ರದ್ದಾಯಿತು. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಯಿತು. ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದ ಕಾಯ್ದೆ ನಿಧಾನವಾಗಿ ಬರುತ್ತದೆ, ಆದರೆ ಅದನ್ನು ನಂಬಿ ನೀವು ಐದು ವರ್ಷದ ಯೋಜನೆ ಹಾಕಬಹುದು.

ಪ್ರಶ್ನೆ: ಶಾಲೆಗಳಲ್ಲಿ ಮಕ್ಕಳ ಗಮನ ಎಲ್ಲಿದೆ ಎಂದು ಮುಖ ನೋಡಿ ಹೇಳುವ ಕ್ಯಾಮೆರಾ ಬಂದಿದೆಯಂತೆ. ಮೌಲ್ಯಮಾಪನವನ್ನೂ ಎಐಗೆ ಕೊಡುವ ಮಾತಿದೆ. ಶಿಕ್ಷಕರು ಏನನ್ನಬೇಕು? – ಪ್ರೌಢಶಾಲಾ ಶಿಕ್ಷಕಿ

ಉತ್ತರ: ಕ್ಯಾಮೆರಾ ಬೇಡ ಅನ್ನಿ. ಶಾಲೆ ಮತ್ತು ಕೆಲಸದ ಜಾಗದಲ್ಲಿ ಮುಖ ನೋಡಿ ಭಾವನೆ ಊಹಿಸುವ ವ್ಯವಸ್ಥೆಯನ್ನು ಯುರೋಪು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು ಉಳಿದೆಲ್ಲಕ್ಕೂ ನಿಷೇಧಿಸಿದೆ. ಕಿಟಕಿಯಾಚೆ ನೋಡುತ್ತಿರುವ ಹುಡುಗ ಪಾಠವನ್ನೇ ಯೋಚಿಸುತ್ತಿರಬಹುದು, ಅದು ನಿಮಗೆ ಗೊತ್ತು.

ಮೌಲ್ಯಮಾಪನದ ಬಗ್ಗೆ ಇಂಗ್ಲೆಂಡಿನ 2020ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಕೋವಿಡ್‌ನಿಂದ ಎ–ಲೆವೆಲ್ ಪರೀಕ್ಷೆ, ಅಂದರೆ ವಿಶ್ವವಿದ್ಯಾಲಯಕ್ಕೆ ಸೇರುವ ಮುಂಚಿನ ಶಾಲಾ ಪರೀಕ್ಷೆ, ನಡೆಯಲಿಲ್ಲ. ಶಿಕ್ಷಕರು ಅಂದಾಜಿಸಿದ ಶ್ರೇಣಿಗಳನ್ನು ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಒಂದು ಅಲ್ಗಾರಿದಮ್‌ನಿಂದ, ಅಂದರೆ ಲೆಕ್ಕದ ಸೂತ್ರದಿಂದ, ತಿದ್ದಿತು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ಹೇಗಿತ್ತೋ ಈ ವರ್ಷದ ಮಕ್ಕಳದ್ದೂ ಹಾಗೇ ಹಂಚಿಕೆಯಾಗಬೇಕು ಎಂಬುದು ಅದರ ತಿರುಳು. ಹಿಂದುಳಿದ ಶಾಲೆಯಲ್ಲಿ ಒಬ್ಬಳು ಚುರುಕಾಗಿ ಓದಿದ್ದರೂ, ಅಲ್ಲಿ ಹಿಂದೆ ಯಾರಿಗೂ ಅಷ್ಟು ಅಂಕ ಬಂದಿಲ್ಲ ಎಂಬ ಕಾರಣಕ್ಕೆ ಕೆಳಗಿಳಿದಳು. ತೀರಾ ಸಣ್ಣ ತರಗತಿಗಳಿಗೆ ಶಿಕ್ಷಕರ ಅಂದಾಜನ್ನೇ ಹೆಚ್ಚು ನೆಚ್ಚಿದ್ದರಿಂದ ಅಂಥ ತರಗತಿಗಳಿದ್ದ ಖಾಸಗಿ ಶಾಲೆಗಳಿಗೆ ಅನುಕೂಲವಾಯಿತು. ಸುಮಾರು 39 ಶೇಕಡಾ ಶ್ರೇಣಿಗಳು ಶಿಕ್ಷಕರ ಅಂದಾಜಿಗಿಂತ ಕೆಳಗೆ ಬಂದವು. ಮಕ್ಕಳು ಬೀದಿಗಿಳಿದರು. ಫಲಿತಾಂಶ ಬಂದ ನಾಲ್ಕು ದಿನಕ್ಕೆ, ಆಗಸ್ಟ್ 17ರಂದು, ಅದನ್ನು ಕೈಬಿಟ್ಟು ಶಿಕ್ಷಕರ ಶ್ರೇಣಿಗೆ ಮರಳಿದರು.

ಆ ಸೂತ್ರ ಬರೆದವರು ಶ್ರೇಣಿಗಳು ಉಬ್ಬಬಾರದು ಎಂದು ನೋಡಿದರು. ಇಡೀ ದೇಶದ ಲೆಕ್ಕ ಸರಿಯಾಗಿಯೇ ಕೂತಿತು. ಲೆಕ್ಕಕ್ಕಾಗಿ ಒಬ್ಬ ಹುಡುಗಿಯ ವರ್ಷದ ಶ್ರಮವನ್ನು ಅಳಿಸಬಹುದೇ ಎಂದು ಕೇಳುವ ಜಾಗ ಆ ಸೂತ್ರದಲ್ಲಿರಲಿಲ್ಲ. ಉತ್ತರಪತ್ರಿಕೆ ತಿದ್ದಲು ಯಂತ್ರದ ನೆರವು ತೆಗೆದುಕೊಳ್ಳುವುದಾದರೆ, ಮಗುವಿನ ಮರುಮೌಲ್ಯಮಾಪನವನ್ನು ಮಾಡುವುದು ಶಿಕ್ಷಕರೇ ಆಗಿರಬೇಕು ಎಂದು ಪಟ್ಟು ಹಿಡಿಯಿರಿ.

ಪ್ರಶ್ನೆ: ಡೀಪ್‌ಫೇಕ್ ವಿಡಿಯೊಗಳ ಮೇಲೆ ‘ಎಐನಿಂದ ಮಾಡಿದ್ದು’ ಎಂದು ಬರೆದರೆ ಸಾಕೇ? – ಇಬ್ಬರು ಹೆಣ್ಣುಮಕ್ಕಳ ತಾಯಿ

ಉತ್ತರ: ಸಾಲದು. ಚೀನಾ 2025ರ ಸೆಪ್ಟೆಂಬರ್ 1ರಿಂದ ಇಂಥ ಗುರುತನ್ನು ಕಡ್ಡಾಯ ಮಾಡಿದೆ, ಕಣ್ಣಿಗೆ ಕಾಣುವಂತೆಯೂ, ಕಡತದೊಳಗೆ ಅಡಗಿರುವಂತೆಯೂ. ಯುರೋಪಿನ ಕಾಯ್ದೆಯಲ್ಲೂ ಪಾರದರ್ಶಕತೆಯ ವಿಧಿಯಿದೆ. ಚುನಾವಣೆಯ ಸುಳ್ಳು ಭಾಷಣಕ್ಕೆ ಗುರುತು ಸ್ವಲ್ಪ ಮಟ್ಟಿಗೆ ಪ್ರಯೋಜನಕ್ಕೆ ಬರುತ್ತದೆ. ಹೆಣ್ಣುಮಗಳೊಬ್ಬಳ ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿದರೆ ಮೇಲೆ ಏನು ಬರೆದಿದ್ದರೇನು, ಹಾನಿ ಆಗಿಯೇ ಹೋಯಿತು. ಅಲ್ಲಿ ಬೇಕಾದ್ದು ಮಾಡಿದವನಿಗೆ ಶಿಕ್ಷೆ ಮತ್ತು ಗಂಟೆಗಳ ಲೆಕ್ಕದಲ್ಲಿ ಅದನ್ನು ತೆಗೆದುಹಾಕುವ ಹೊಣೆ ಜಾಲತಾಣದವರಿಗೆ. ನಿಮ್ಮ ಮಕ್ಕಳಿಗೆ ಈಗಲೇ ಒಂದು ಮಾತು ಹೇಳಿಡಿ: ಹೀಗೇನಾದರೂ ಆದರೆ ಮೊದಲು ಅಮ್ಮನಿಗೆ ಹೇಳಬೇಕು, ಬೈಗುಳ ಬರುವುದಿಲ್ಲ ಎಂದು. ಹೆದರಿ ಮುಚ್ಚಿಟ್ಟ ಪ್ರತಿ ದಿನವೂ ಆ ಚಿತ್ರ ಹರಡುತ್ತದೆ.

ಪ್ರಶ್ನೆ: ನಮ್ಮ ಇಲಾಖೆ ಅರ್ಜಿಗಳ ವಿಲೇವಾರಿಗೆ ಎಐ ತಂತ್ರಾಂಶ ಕೊಳ್ಳಲು ಹೊರಟಿದೆ. ಟೆಂಡರ್ ಕರಡು ಬರೆಯುವ ಕೆಲಸ ನನ್ನ ಮೇಲೆ ಬಿದ್ದಿದೆ. ಏನೇನು ಸೇರಿಸಲಿ? – ಕಿರಿಯ ಅಧಿಕಾರಿ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನಿಮ್ಮದು. ಕಾಯ್ದೆಗಳು ಬರುವವರೆಗೆ ಕಾಯದೆ ಟೆಂಡರಿನ ಷರತ್ತಿನಲ್ಲೇ ಅರ್ಧ ನಿಯಂತ್ರಣ ತರಬಹುದು. ಸರ್ಕಾರ ದೊಡ್ಡ ಗಿರಾಕಿ. ಗಿರಾಕಿ ಕೇಳಿದ್ದನ್ನು ಮಾರಾಟಗಾರ ಕೊಡುತ್ತಾನೆ.

‘ವ್ಯಾಪಾರ ರಹಸ್ಯ’ ಎಂಬ ಬಾಗಿಲನ್ನು ಮೊದಲು ಮುಚ್ಚಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಾಲಾ ಶಿಕ್ಷಕರ ಸಾಮರ್ಥ್ಯಕ್ಕೆ ಒಂದು ಖಾಸಗಿ ತಂತ್ರಾಂಶ ಅಂಕ ಕೊಡುತ್ತಿತ್ತು. ಅಂಕ ಕಡಿಮೆಯಾದರೆ ಕೆಲಸಕ್ಕೇ ಕುತ್ತು. ಹೇಗೆ ಲೆಕ್ಕ ಹಾಕಿದಿರಿ ಎಂದರೆ ಸೂತ್ರ ಕಂಪನಿಯ ಸ್ವತ್ತು ಎಂಬ ಉತ್ತರ. ಶಿಕ್ಷಕರ ಸಂಘ ದಾವೆ ಹೂಡಿತು. ತನ್ನ ಅಂಕ ಸರಿಯೋ ತಪ್ಪೋ ಎಂದು ಪರಿಶೀಲಿಸಿಕೊಳ್ಳಲು ದಾರಿಯೇ ಇಲ್ಲದಿರುವುದು ನ್ಯಾಯಬದ್ಧ ಪ್ರಕ್ರಿಯೆಯ ಪ್ರಶ್ನೆ ಎಂದು 2017ರಲ್ಲಿ ಫೆಡರಲ್ ನ್ಯಾಯಾಧೀಶರು ಮೊಕದ್ದಮೆ ಮುಂದುವರಿಸಲು ಬಿಟ್ಟರು. ಅದೇ ವರ್ಷ ರಾಜಿಯಾಯಿತು. ಪರಿಶೀಲಿಸಲಾಗದ ಅಂಕದ ಮೇಲೆ ಶಿಕ್ಷಕರನ್ನು ವಜಾ ಮಾಡುವುದಿಲ್ಲವೆಂದು ಆಡಳಿತ ಒಪ್ಪಿತು. ಹಾಗಾಗಿ ಷರತ್ತಿನಲ್ಲಿ ಹೀಗೆ ಬರೆಯಿರಿ: ಯಾವುದೇ ಅರ್ಜಿದಾರರ ಪ್ರಕರಣದಲ್ಲಿ ತಂತ್ರಾಂಶ ಯಾವ ಮಾಹಿತಿಯನ್ನು ಪರಿಗಣಿಸಿತು, ಯಾವುದಕ್ಕೆ ಎಷ್ಟು ತೂಕ ಕೊಟ್ಟಿತು ಎಂಬುದನ್ನು ಇಲಾಖೆಗೂ, ಪರಿಶೋಧಕರಿಗೂ, ನ್ಯಾಯಾಲಯಕ್ಕೂ ಕೇಳಿದಾಗ ಕೊಡಬೇಕು. ಕೊಡಲಾಗದ ಕಂಪನಿ ಬಿಡ್ ಹಾಕುವುದು ಬೇಡ.

ಎರಡನೆಯದು, ಕೆನಡಾದ ಪದ್ಧತಿ ನೋಡಿ. ಅಲ್ಲಿನ ಕೇಂದ್ರ ಸರ್ಕಾರ 2019ರಲ್ಲಿ ಸ್ವಯಂಚಾಲಿತ ತೀರ್ಮಾನಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ಇಲಾಖೆಗಳು ಮೊದಲೇ ಪ್ರಶ್ನಾವಳಿ ತುಂಬಿ ಪರಿಣಾಮದ ಮಟ್ಟ ಕಂಡುಕೊಳ್ಳಬೇಕು. ಒಂದರಿಂದ ನಾಲ್ಕರವರೆಗೆ ಮಟ್ಟಗಳು. ತೀರ್ಮಾನ ಜನರನ್ನು ಎಷ್ಟು ಆಳವಾಗಿ ತಟ್ಟುತ್ತದೆ, ಆದ ಹಾನಿಯನ್ನು ಸರಿಪಡಿಸಬಹುದೇ ಎಂಬುದರ ಮೇಲೆ ಮಟ್ಟ ನಿಗದಿ. ಮೇಲಿನ ಎರಡು ಮಟ್ಟಗಳಲ್ಲಿ ಅಂತಿಮ ತೀರ್ಮಾನ ಮನುಷ್ಯನದ್ದೇ ಆಗಿರಬೇಕು. ಆ ಪ್ರಶ್ನಾವಳಿ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ, ನಿಮ್ಮ ಮೇಜಿನ ಮೇಲೆ ಇಟ್ಟುಕೊಂಡು ಕರಡು ಬರೆಯಬಹುದು. ಆಂಸ್ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ ನಗರಾಡಳಿತಗಳು ತಾವು ಯಾವ ಯಾವ ಅಲ್ಗಾರಿದಮ್ ಬಳಸುತ್ತೇವೆ ಎಂಬ ಸಾರ್ವಜನಿಕ ನೋಂದಣಿ ಪುಸ್ತಕವನ್ನು 2020ರಲ್ಲೇ ತೆರೆದಿಟ್ಟವು. ನಿಮ್ಮ ಇಲಾಖೆಯೂ ಜಾಲತಾಣದಲ್ಲಿ ಒಂದು ಪುಟ ಮೀಸಲಿಡಲಿ.

ಉಳಿದವನ್ನು ಬೇಗ ಹೇಳುತ್ತೇನೆ. ತಂತ್ರಾಂಶದ ಯಾವ ಆವೃತ್ತಿ ಯಾವ ದಿನ ಚಾಲ್ತಿಯಲ್ಲಿತ್ತು ಎಂಬ ದಾಖಲೆ ಇರಬೇಕು. ಇಲ್ಲದಿದ್ದರೆ ಎರಡು ವರ್ಷದ ನಂತರ ಮೇಲ್ಮನವಿ ಬಂದಾಗ ಆ ದಿನದ ಯಂತ್ರವೇ ಇರುವುದಿಲ್ಲ. ಅರ್ಜಿದಾರರ ದತ್ತಾಂಶವನ್ನು ಕಂಪನಿ ತನ್ನ ಬೇರೆ ಉತ್ಪನ್ನಕ್ಕೆ ಬಳಸಬಾರದು. ಗುತ್ತಿಗೆ ಮುಗಿದ ಮೇಲೆ ದಾಖಲೆಗಳೆಲ್ಲ ಇಲಾಖೆಯ ಕೈಗೆ ಬರಬೇಕು. ‘ತಿರಸ್ಕರಿಸು’ ಎಂಬ ಗುಂಡಿ ತಂತ್ರಾಂಶಕ್ಕೆ ಬೇಡ. ಅದು ಮಂಜೂರಿಗೆ ಶಿಫಾರಸು ಮಾಡಲಿ, ಸಂಶಯವಿದ್ದರೆ ಅಧಿಕಾರಿಗೆ ಕಳಿಸಲಿ. ಹೀಗೆ ಮಾಡಿದರೆ ಯಂತ್ರದ ವೇಗವೂ ಸಿಗುತ್ತದೆ, ಇಲ್ಲ ಅನ್ನುವ ಮುನ್ನ ಮನುಷ್ಯನೊಬ್ಬ ಅರ್ಜಿ ಓದಿದ ಹಾಗೂ ಆಗುತ್ತದೆ.

ಕೊನೆಗೆ, ಪ್ರಾತ್ಯಕ್ಷಿಕೆಯ ದಿನ ಕಂಪನಿಯವರು ತಂದ ಮಾದರಿ ಅರ್ಜಿಗಳ ಮೇಲೆ ಓಡಿಸಿ ತೋರಿಸಲು ಬಿಡಬೇಡಿ. ನಿಮ್ಮ ದಾಖಲೆ ಕೋಣೆಯಿಂದ ಹಳೆಯ, ಇತ್ಯರ್ಥವಾದ ಅರ್ಜಿಗಳನ್ನು ಹೆಸರು–ವಿಳಾಸ ತೆಗೆದು ಕೊಡಿ. ಮೊದಲು ತಿರಸ್ಕಾರವಾಗಿ ಮೇಲ್ಮನವಿಯಲ್ಲಿ ಗೆದ್ದವು ಅದರಲ್ಲಿ ಇರಲೇಬೇಕು. ಅವುಗಳಲ್ಲಿ ಎಷ್ಟನ್ನು ಯಂತ್ರ ಮತ್ತೆ ತಪ್ಪು ಬದಿಗೆ ಹಾಕುತ್ತದೆ ಎಂದು ಬರೆದುಕೊಂಡು, ಆ ಹಾಳೆಯನ್ನೇ ತಾಂತ್ರಿಕ ಮೌಲ್ಯಮಾಪನದ ಕಡತಕ್ಕೆ ಲಗತ್ತಿಸಿ.